ಮೂಡಲ್‌ನಲ್ಲಿ ವಿದ್ಯಾರ್ಥಿಗಳಿಂದ ವೋಟ್ ಹಾಕಿಸೋದು ಹೇಗೆ?

ಸೆಮಿನಾರ್ ವಿಷಯಗಳನ್ನು ವಿದ್ಯಾರ್ಥಿಗಳೇ ಆರಿಸಿಕೊಳ್ಳಬೇಕು, ಆಮೇಲೆ ಅವರು ಮಾಡಿದ ಪೋಸ್ಟರ್‌ಗಳಿಗೂ ಅವರೇ ವೋಟ್ ಹಾಕಬೇಕು, ಇದಕ್ಕೆ ಕಾಲೇಜಿನ ಮೂಡಲ್‌ನಲ್ಲಿ (ಆನ್‌ಲೈನ್‌ನಲ್ಲಿ ಪಾಠ, ಟೆಸ್ಟ್ ನಡೆಸೋಕೆ ಬಳಸುವ ತಾಣ) ಯಾವ ಆ್ಯಕ್ಟಿವಿಟಿ ಬಳಸಲಿ ಅಂತ ಕೇಳಿದ್ದೀರಿ. ನಾನು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತೇನೆ. ಹಲವು ಸೆಮಿಸ್ಟರ್‌ಗಳಿಂದ ಇದನ್ನು ಮಾಡಿಸುತ್ತಾ ಬಂದಿದ್ದೇನೆ.

ಸೆಮಿನಾರ್ ವಿಷಯಕ್ಕೆ ‘ಚಾಯ್ಸ್’ ಸಾಕು. ಕೋರ್ಸ್ ಪುಟದಲ್ಲಿ ಎಡಿಟ್ ಮೋಡ್ ಆನ್ ಮಾಡಿ, ಆ್ಯಕ್ಟಿವಿಟಿ ಸೇರಿಸುವ ಕಡೆ ಚಾಯ್ಸ್ ಒತ್ತಿ. ಒಂದು ಪ್ರಶ್ನೆ, ಅದರ ಕೆಳಗೆ ಆಯ್ಕೆಗಳು, ಅಷ್ಟೇ. ಕನ್ನಡದಲ್ಲೇ ಬರೆಯಬಹುದು. ಒಂದು ವಿಷಯಕ್ಕೆ ನಾಲ್ಕೇ ಜನ ಇರಬೇಕು ಅಂದರೆ ಲಿಮಿಟ್ ಆನ್ ಮಾಡಿ, ಪ್ರತಿ ಆಯ್ಕೆಯ ಪಕ್ಕ 4 ಅಂತ ಹಾಕಿ. ಆದರೆ ಲಿಮಿಟ್ ಇಟ್ಟರೆ ಮೊದಲು ಬಂದವರಿಗೇ ಸೀಟು. ಊರಿನಲ್ಲಿ ನೆಟ್‌ವರ್ಕ್ ಸಿಗದ ಮಕ್ಕಳು ಹಿಂದೆ ಬೀಳುತ್ತಾರೆ. ಹಾಗಾಗಿ ವೋಟಿಂಗ್ ಯಾವಾಗ ಶುರುವಾಗುತ್ತೆ ಅಂತ ಹಿಂದಿನ ದಿನವೇ ಕ್ಲಾಸಿನಲ್ಲಿ ಹೇಳಿಬಿಡಿ. ಎಲ್ಲರೂ ಕಾಲೇಜಿನಲ್ಲೇ ಇರುವ ಹೊತ್ತಿಗೆ ತೆರೆಯಿರಿ.

ಇನ್ನೊಂದು ಮುಖ್ಯ ವಿಷಯ. ವೋಟ್ ಬೀಳೋಕೆ ಶುರುವಾದ ಮೇಲೆ ಆಯ್ಕೆಯ ಮಾತನ್ನು ಬದಲಿಸಬೇಡಿ. ‘ಲೇಸರ್’ ಅಂತ ಇದ್ದದ್ದನ್ನು ‘ಸೋಲಾರ್ ಸೆಲ್’ ಅಂತ ತಿದ್ದಿದರೆ, ಲೇಸರ್‌ಗೆ ಬಿದ್ದ ವೋಟೆಲ್ಲ ಸೋಲಾರ್ ಸೆಲ್ ಲೆಕ್ಕಕ್ಕೆ ಹೋಗುತ್ತದೆ.

ಈಗ ನಾನು ತುಂಬಾ ಒತ್ತಿ ಹೇಳಬೇಕಾದ್ದು: ಫಲಿತಾಂಶ ಯಾರಿಗೆ, ಯಾವಾಗ ಕಾಣಬೇಕು ಅನ್ನೋದನ್ನು ಮೊದಲೇ ತೀರ್ಮಾನ ಮಾಡಿ. ರಿಸಲ್ಟ್ಸ್ ಅನ್ನೋ ಭಾಗದಲ್ಲಿ ನಾಲ್ಕು ದಾರಿ ಇವೆ. ತೋರಿಸಲೇಬಾರದು, ವೋಟ್ ಹಾಕಿದ ಮೇಲೆ ತೋರಿಸಬೇಕು, ವೋಟಿಂಗ್ ಮುಗಿದ ಮೇಲೆ ತೋರಿಸಬೇಕು, ಯಾವಾಗಲೂ ಕಾಣುತ್ತಿರಬೇಕು. ಅದರ ಜೊತೆಗೆ ಹೆಸರು ಕಾಣಬೇಕೋ ಬೇಡವೋ ಅಂತ ಬೇರೆ ಆಯ್ಕೆ ಇದೆ.

ಒಂದು ಸಲ ‘ಪರೀಕ್ಷೆಗೆ ಮುಂಚೆ ಯಾವ ಯೂನಿಟ್ ಮತ್ತೆ ಪಾಠ ಮಾಡಲಿ?’ ಅಂತ ಚಾಯ್ಸ್ ಹಾಕಿದ್ದೆ. ಹೆಸರು ಸಮೇತ ಯಾವಾಗಲೂ ಕಾಣುವ ಹಾಗೆ ಇಟ್ಟಿದ್ದೆ. ಮೊದಲ ಅರ್ಧ ಗಂಟೆಯಲ್ಲಿ ಚೆನ್ನಾಗಿ ಓದುವ ನಾಲ್ಕೈದು ಮಕ್ಕಳು ಆಪ್ಟಿಕ್ಸ್ ಒತ್ತಿದರು. ಉಳಿದವರು ಅವರ ಹಿಂದೆಯೇ ಹೋದರು. ಸಂಜೆ ಒಬ್ಬ ಹುಡುಗಿ ಸ್ಟಾಫ್ ರೂಮ್ ಬಾಗಿಲಲ್ಲಿ ನಿಂತಿದ್ದಳು. ‘ಮೇಡಂ, ನಂಗೆ ಬೇಕಾಗಿದ್ದು ಥರ್ಮೋಡೈನಮಿಕ್ಸ್. ಹೆಸರು ಕಾಣುತ್ತಲ್ವಾ, ಅದಕ್ಕೇ ಆಪ್ಟಿಕ್ಸ್ ಹಾಕಿದೆ’ ಅಂದಳು. ಅವಳ ಹಾಗೆ ಇನ್ನೆಷ್ಟು ಮಕ್ಕಳಿದ್ದರೋ! ಅದೇ ಪ್ರಶ್ನೆಯನ್ನು ಹೆಸರಿಲ್ಲದೆ, ಮುಗಿದ ಮೇಲಷ್ಟೇ ಫಲಿತಾಂಶ ಕಾಣುವ ಹಾಗೆ ಮತ್ತೆ ಹಾಕಿದೆ. ಥರ್ಮೋಡೈನಮಿಕ್ಸ್ ಗೆದ್ದಿತು.

ಹಾಗಾಗಿ ನಿಮಗೂ ಅದೇ ಸೆಟ್ಟಿಂಗ್ ಹೇಳುತ್ತೇನೆ. ಒಂದನ್ನು ಮಾತ್ರ ಮಕ್ಕಳಿಂದ ಮುಚ್ಚಿಡಬೇಡಿ. ಚಾಯ್ಸ್‌ನಲ್ಲಿ ಹೆಸರು ಮರೆಯಾಗೋದು ಸಹಪಾಠಿಗಳಿಗೆ ಮಾತ್ರ. ಯಾರು ಯಾವುದಕ್ಕೆ ವೋಟ್ ಹಾಕಿದರು ಅಂತ ಟೀಚರ್‌ಗೆ ಕಾಣುತ್ತಲೇ ಇರುತ್ತದೆ. ಅದನ್ನು ಅವರಿಗೆ ಬಾಯಿಬಿಟ್ಟು ಹೇಳಿ. ನಿಮ್ಮ ಪಾಠದ ಬಗ್ಗೆಯೇ ಅಭಿಪ್ರಾಯ ಕೇಳುವುದಾದರೆ ಚಾಯ್ಸ್ ಬೇಡ. ‘ಫೀಡ್‌ಬ್ಯಾಕ್’ ಆ್ಯಕ್ಟಿವಿಟಿಯಲ್ಲಿ ಅನಾಮಧೇಯ ಅನ್ನುವ ಸೆಟ್ಟಿಂಗ್ ಇದೆ, ಅದನ್ನು ಬಳಸಿ.

ಪೋಸ್ಟರ್‌ಗಳ ವಿಷಯಕ್ಕೆ ಬರೋಣ. ‘ಡೇಟಾಬೇಸ್’ ಆ್ಯಕ್ಟಿವಿಟಿಯಲ್ಲಿ ಪ್ರತಿಯೊಬ್ಬರೂ ಪೋಸ್ಟರ್ ಹಾಕಿ, ರೇಟಿಂಗ್ ಮೂಲಕ ವೋಟ್ ಮಾಡಬಹುದು. ತಮ್ಮದಕ್ಕೆ ತಾವೇ ರೇಟಿಂಗ್ ಕೊಡೋಕೆ ಆಗಲ್ಲ, ಅದು ಒಳ್ಳೆಯದೇ. ಆದರೆ ರೇಟಿಂಗ್ ಕೊಡುವ ಅನುಮತಿ ಮಾಮೂಲಿಯಾಗಿ ವಿದ್ಯಾರ್ಥಿಗಳಿಗೆ ಇರುವುದಿಲ್ಲ. ಆ ಆ್ಯಕ್ಟಿವಿಟಿಯ ಪರ್ಮಿಷನ್ಸ್‌ಗೆ ಹೋಗಿ ನೀವೇ ಕೊಡಬೇಕು. ಜೊತೆಗೆ ರೇಟಿಂಗ್ ನೇರ ಗ್ರೇಡ್‌ಬುಕ್‌ಗೆ ಸೇರುತ್ತದೆ. ಗೆಳೆಯರು ಕೊಟ್ಟ ವೋಟು ಮಾರ್ಕ್ಸ್ ಆಗಬಾರದು ಅಲ್ವಾ? ಹತ್ತು ಹದಿನೈದು ಪೋಸ್ಟರ್ ಇದ್ದರೆ ನಾನು ಈ ತಂಟೆಗೆ ಹೋಗೋದಿಲ್ಲ. ಪೋಸ್ಟರ್‌ಗಳಿಗೆ ನಂಬರ್ ಕೊಟ್ಟು, ಮಾಡಿದವರ ಹೆಸರು ತೆಗೆದು ಒಂದು ಫೋಲ್ಡರ್‌ನಲ್ಲಿ ಇಡುತ್ತೇನೆ. ಕೆಳಗೆ ಒಂದು ಚಾಯ್ಸ್, ಆಯ್ಕೆಗಳು ಬರೀ ನಂಬರ್.

ನೀವು ಕೇಳದಿದ್ದರೂ ಇದನ್ನು ಹೇಳದೆ ಬಿಡೋಕೆ ಮನಸ್ಸಿಲ್ಲ. ಹಾರ್ವರ್ಡ್‌ನಲ್ಲಿ ಫಿಸಿಕ್ಸ್ ಹೇಳಿಕೊಡುವ ಎರಿಕ್ ಮಾಜೂರ್ 1991ರಲ್ಲಿ ಒಂದು ಕ್ರಮ ಶುರು ಮಾಡಿದರು. ಪ್ರಶ್ನೆ ಕೇಳಿ ವೋಟ್ ಹಾಕಿಸಿ, ಅಕ್ಕಪಕ್ಕದವರ ಜೊತೆ ಚರ್ಚೆ ಮಾಡಿಸಿ, ಅದೇ ಪ್ರಶ್ನೆಗೆ ಮತ್ತೆ ವೋಟ್ ಹಾಕಿಸೋದು. ಉದಾಹರಣೆಗೆ, ಮೇಲಕ್ಕೆ ಎಸೆದ ಚೆಂಡು ತುತ್ತತುದಿಯಲ್ಲಿ ಇರುವ ಕ್ಷಣ ಅದರ ಮೇಲೆ ಬಲ ಇದೆಯಾ, ಇದ್ದರೆ ಯಾವ ಕಡೆಗೆ? ‘ಬಲ ಸೊನ್ನೆ’ ಅಂತ ಒತ್ತುವವರು ಪ್ರತಿ ಬ್ಯಾಚ್‌ನಲ್ಲೂ ಜಾಸ್ತಿ ಇರುತ್ತಾರೆ. ಐದು ನಿಮಿಷ ಮಾತಾಡಲು ಬಿಡಿ. ‘ಬಲ ಇಲ್ಲದಿದ್ದರೆ ಅಲ್ಲೇ ನಿಂತುಬಿಡಬೇಕಿತ್ತಲ್ಲೋ’ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಎರಡನೇ ವೋಟಿನಲ್ಲಿ ಲೆಕ್ಕ ಬದಲಾಗಿರುತ್ತದೆ. ಇದಕ್ಕೆ ಎರಡು ಬೇರೆ ಬೇರೆ ಚಾಯ್ಸ್ ಮಾಡಿ. ಒಂದರಲ್ಲೇ ವೋಟ್ ಬದಲಿಸಲು ಬಿಟ್ಟರೆ ಹಳೆಯ ವೋಟ್ ಹೋಗಿ ಹೊಸದು ಕೂರುತ್ತದೆ. ಮೊದಲು ಏನು ಅಂದುಕೊಂಡಿದ್ದರು ಅಂತ ಅವರಿಗೇ ತೋರಿಸೋಕೆ ಆಗಲ್ಲ.