ತೊಂಡೆಕಾಯಿಯನ್ನು ಬಿಡಿ, ತೆಂಗಿನತುರಿಯನ್ನು ಬರೆಯಿರಿ

ಬದಿಯಡ್ಕ ಕಡೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: ತೂಕ ಇಳಿಸಿ ಎಂದು ಡಾಕ್ಟರು ಹೇಳಿದ ಮೇಲೆ ಮೊಬೈಲಿನಲ್ಲಿ ಕ್ಯಾಲೊರಿ ಲೆಕ್ಕದ ಆಪ್ ಹಾಕಿಕೊಂಡಿದ್ದಾರೆ. ದಿನಕ್ಕೆ 1,500 ದಾಟಬಾರದು. ಮುಳ್ಳುಸೌತೆಯ ಹೋಳನ್ನೂ ಬಿಡದೆ ಬರೆಯುತ್ತಾರೆ. ದುಬೈಯಲ್ಲಿರುವ ನಾದಿನಿ ಮಾತ್ರ, "ಹಣ್ಣು ತರಕಾರಿಗೆಲ್ಲ ಲೆಕ್ಕ ಇಲ್ಲ ಅತ್ತಿಗೆ, ಎಷ್ಟು ಬೇಕಾದರೂ ತಿನ್ನಿ" ಎನ್ನುತ್ತಾರಂತೆ. ಯಾರ ಮಾತು ಸರಿ? ಮಳೆಗಾಲದ ಹಲಸಿನ ಹಪ್ಪಳವನ್ನು ಏನು ಮಾಡುವುದು ಎಂದೂ ಕೇಳಿದ್ದಾರೆ.

ಸಂಪಾದಕರ ಉತ್ತರ:

ನೀವು ಪತ್ರದ ಜೊತೆ ಒಂದು ದಿನದ ಪಟ್ಟಿಯನ್ನೂ ಇಟ್ಟದ್ದು ಒಳ್ಳೆಯದಾಯಿತು. ಅದಿಲ್ಲದಿದ್ದರೆ ನಾನೂ ಸುಮ್ನೆ ಏನಾದರೊಂದು ಬುದ್ಧಿವಾದ ಬರೆದು ಮುಗಿಸುತ್ತಿದ್ದೆ. ಮಧ್ಯಾಹ್ನದ ಊಟಕ್ಕೆ ನೀವು ಬರೆದದ್ದು ಹೀಗೆ: ಮುಳ್ಳುಸೌತೆ ನಾಲ್ಕು ಹೋಳು, 6. ಟೊಮೆಟೊ ಅರ್ಧ, 9. ತೊಂಡೆಕಾಯಿ ಪಲ್ಯ, 18. ಅನ್ನ "ಸ್ವಲ್ಪ", 150. ಸಂಜೆ ಚಹಾ, ಎರಡು ಬಿಸ್ಕತ್ತು. ರಾತ್ರಿಯ ಸಾಲಿನಲ್ಲಿ, "ಲೆಕ್ಕ ತುಂಬಿತು, ಪಪ್ಪಾಯಿ ಬಿಟ್ಟೆ."

ಮುಳ್ಳುಸೌತೆಯ ಆರನ್ನು ಹಿಡಿದುಕೊಂಡು ಅನ್ನವನ್ನು "ಸ್ವಲ್ಪ" ಎಂದು ಬರೆದಿದ್ದೀರಲ್ಲ, ತೊಂದರೆ ಇರುವುದು ಅಲ್ಲಿ. ಬೇಯಿಸಿದ ಅನ್ನ ನೂರು ಗ್ರಾಂಗೆ ಸುಮಾರು 130 ಕ್ಯಾಲೊರಿ. ಸೌಟು ಒಮ್ಮೆ ತುಂಬಿ ಬಂದರೆ ನೂರು ಗ್ರಾಂ ಆಗಿಯೇ ಆಗುತ್ತದೆ. ಬಡಿಸುವವರ ಕೈ ಅರ್ಧ ಸೌಟು ಜಾಸ್ತಿಯಾದರೂ 65 ಏರಿತು. ನಿಮ್ಮ ಇಡೀ ದಿನದ ಮುಳ್ಳುಸೌತೆ, ಟೊಮೆಟೊ, ಹರಿವೆಸೊಪ್ಪು ಎಲ್ಲ ಸೇರಿದರೂ ಅಷ್ಟಾಗುವುದು ಕಷ್ಟ. ಹಾಗಾಗಿ ತರಕಾರಿಯ ಮಟ್ಟಿಗೆ ನಾನು ನಿಮ್ಮ ನಾದಿನಿಯ ಪಕ್ಷ. ಸೋರೆ, ಕುಂಬಳ, ಪಡುವಲ, ಬಸಳೆ, ಹರಿವೆ, ಬೆಂಡೆ, ತೊಂಡೆ, ಇವನ್ನು ಬರೆಯಬೇಡಿ. ಇವುಗಳಲ್ಲಿ ಹೆಚ್ಚಿನ ಪಾಲು ನೀರು. ನೂರು ಗ್ರಾಂ ತಿಂದರೆ ಹದಿನೈದರಿಂದ ಮೂವತ್ತೈದರೊಳಗೆ ಸಿಗುತ್ತದೆ, ಅದರಲ್ಲೂ ಒಂದು ಪಾಲು ನಾರು. ಮುಳ್ಳುಸೌತೆ ಅರಗಿಸಲಿಕ್ಕೆ ಅದರಲ್ಲಿರುವುದಕ್ಕಿಂತ ಜಾಸ್ತಿ ಶಕ್ತಿ ಖರ್ಚಾಗುತ್ತದೆ ಎಂದೂ ಕೆಲವರು ಹೇಳುವುದುಂಟು. ಅದು ನಿಜವಲ್ಲ. ಆದರೆ ಬರೆಯದೆ ಇರಲು ಆ ಸುಳ್ಳಿನ ಹಂಗೂ ಬೇಕಿಲ್ಲ.

ಈಗ ಆ 18ಕ್ಕೆ ಬರೋಣ. ನೀವು ಬರೆದದ್ದು ನೂರು ಗ್ರಾಂ ಹಸಿ ತೊಂಡೆಕಾಯಿಯ ಲೆಕ್ಕ. ಹಸಿ ತೊಂಡೆಕಾಯಿಯನ್ನು ನೀವು ತಿಂದಿಲ್ಲವಲ್ಲ! ನಾಲ್ಕು ಜನರ ಪಲ್ಯಕ್ಕೆ ಅರ್ಧ ಕಿಲೊ ತೊಂಡೆಕಾಯಿ ಹೆಚ್ಚಿದಿರಿ ಅಂತಿಟ್ಟುಕೊಳ್ಳಿ. ಅದು ಹೆಚ್ಚೆಂದರೆ 100 ಕ್ಯಾಲೊರಿ. ಒಗ್ಗರಣೆಗೆ ತೆಂಗಿನೆಣ್ಣೆ ಎರಡು ದೊಡ್ಡ ಚಮಚ. ಎಣ್ಣೆ ಯಾವುದೇ ಇರಲಿ, ಗ್ರಾಂಗೆ 9. ಒಂದು ದೊಡ್ಡ ಚಮಚಕ್ಕೆ ಸುಮಾರು 120, ಎರಡಕ್ಕೆ 240. ಕೊನೆಗೆ ಮೇಲಿಂದ ಉದುರಿಸುವ ಕಾಯಿತುರಿ ಐವತ್ತು ಗ್ರಾಂ ಆದರೂ 175. ಬಾಣಲೆಯಲ್ಲಿ 500ರ ಮೇಲೆ ಕೂತಿದೆ. ಅದರಲ್ಲಿ ತೊಂಡೆಕಾಯಿಯದ್ದು ಐದನೇ ಒಂದು ಪಾಲೂ ಇಲ್ಲ. ನಿಮ್ಮ ಪಾಲಿಗೆ ಬಂದದ್ದು 130ರ ಹತ್ತಿರ, ಪಟ್ಟಿಯಲ್ಲಿರುವುದು 18.

ಅನ್ನಕ್ಕೆ ಕಲಸುವ ಪದಾರ್ಥದ ಕಥೆಯೂ ಹೀಗೆಯೇ. ಒಂದು ಕಡಿ, ಅಂದರೆ ಅರ್ಧ ಹೋಳು, ಕಾಯಿ ತುರಿದರೆ ನೂರೈವತ್ತು ಗ್ರಾಂ ಸಿಕ್ಕಿತು ಅನ್ನಿ, ಅದೊಂದೇ 500 ದಾಟುತ್ತದೆ. ಕಾಯಿ ಅರೆದು ಹಾಕುವ ಬಸಳೆ ಕೊದ್ದೆಲಿನಲ್ಲಿ (ಸಾಂಬಾರಿನಂಥದ್ದು) ಬಸಳೆಯನ್ನು ಬರೆದು ತೆಂಗಿನಕಾಯಿಯನ್ನು ಬಿಟ್ಟರೆ ಬರೆದೂ ಬರೆಯದ ಹಾಗೆ. ಹಾಗಂತ ಕಾಯಿ ಬಿಡಿ ಎಂದು ನಾನು ಹೇಳುವುದಿಲ್ಲ. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಕಾಸರಗೋಡಿನಲ್ಲಿ ಕೂತು ಹಾಗೆ ಬರೆದರೆ ನನಗೆ ಮನೆಯಲ್ಲಿ ಊಟ ಸಿಗಲಿಕ್ಕಿಲ್ಲ. ವಾರದಲ್ಲಿ ಎರಡು ಮೂರು ದಿನ ಬೋಳು ಕೊದ್ದೆಲು ಮಾಡಿ, ಸಾಕು. ಕಾಯಿ ಹಾಕದ ಅಡುಗೆ ನಮ್ಮ ಅಜ್ಜಿಯಂದಿರಿಗೂ ಗೊತ್ತಿತ್ತು. ಸೌತೆಕಾಯಿಯ ಬೋಳು ಹುಳಿಗೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಕಾಯಿಯ ನೆನಪೇ ಆಗುವುದಿಲ್ಲ, ಅಲ್ವಾ?

ಇನ್ನು ನಾದಿನಿಯ "ಲೆಕ್ಕ ಇಲ್ಲ" ಎಂಬ ಮಾತು. ಅದು ಅವರ ಸ್ವಂತದ್ದಲ್ಲ, ಎಲ್ಲಿಂದ ಬಂದಿರಬಹುದು ಎಂದು ಊಹಿಸಬಲ್ಲೆ. ತೂಕ ಇಳಿಸುವವರಿಗೆ ದಾರಿ ಹೇಳುವ ಅಮೆರಿಕದ ವೇಟ್ ವಾಚರ್ಸ್ ಎಂಬ ಕಂಪನಿ ಕ್ಯಾಲೊರಿಯ ಬದಲು ಪಾಯಿಂಟ್ ಲೆಕ್ಕ ಇಟ್ಟಿತು. 2010ರ ಕೊನೆಗೆ ತಾಜಾ ಹಣ್ಣುಗಳಲ್ಲಿ ಹೆಚ್ಚಿನವಕ್ಕೂ ಸೊನ್ನೆ ಪಾಯಿಂಟ್ ಎಂದು ಮಾಡಿತು. ಜನ ಬಾಳೆಹಣ್ಣಿನ ಪಾಯಿಂಟ್ ಉಳಿಸಿ ಅದರಲ್ಲಿ ಕುಕ್ಕಿ ತಿನ್ನಬಾರದು ಎಂಬುದು ಅದರ ಉದ್ದೇಶ. ಆದರೆ ಆ ಸೊನ್ನೆಯ ಹಿಂದೆ ಒಂದು ಒಳಲೆಕ್ಕ ಇದೆ. ಸಾಮಾನ್ಯ ಮನುಷ್ಯ ತಿನ್ನುವಷ್ಟು ಹಣ್ಣನ್ನು ಮೊದಲೇ ಅಂದಾಜು ಮಾಡಿ, ಉಳಿದ ಊಟಕ್ಕೆ ಮಿತಿ ಹಾಕಿರುತ್ತಾರೆ. ನಿಮ್ಮ ಆಪಿನ 1,500 ಹಾಗಲ್ಲ. ಅದು ಬಾಯಿಗೆ ಹೋದದ್ದೆಲ್ಲ ಸೇರಿ 1,500. ಅಲ್ಲಿಯ ಸೊನ್ನೆಯನ್ನು ಇಲ್ಲಿಗೆ ತಂದರೆ ಎರಡೂ ಕೆಡುತ್ತದೆ.

ಅದಕ್ಕೇ ಹಣ್ಣಿನ ವಿಷಯದಲ್ಲಿ ನಾನು ನಾದಿನಿಯ ಪಕ್ಷ ಬಿಡುತ್ತೇನೆ. ಪಪ್ಪಾಯಿ, ಕಲ್ಲಂಗಡಿ ನೂರು ಗ್ರಾಂಗೆ ಮೂವತ್ತು ನಲ್ವತ್ತರಲ್ಲಿವೆ, ಒಂದು ಬಟ್ಟಲನ್ನು ಬರೆಯದಿದ್ದರೂ ಏನೂ ಆಗುವುದಿಲ್ಲ. ಆದರೆ ನಮ್ಮ ಹಿತ್ತಿಲಿನಲ್ಲಿ ಆಗುವ ಹಣ್ಣು ಬೇರೆ ಜಾತಿಯದ್ದು. ಕದಳಿ ಒಂದಕ್ಕೆ ಐವತ್ತು ಅರುವತ್ತು. ಸಿಪ್ಪೆ ಸುಲಿದ ನೇಂದ್ರ ನೂರೈವತ್ತು ಗ್ರಾಂ ತೂಗಿದರೆ ಅದೊಂದಕ್ಕೇ 170ರ ಸುಮಾರು. ಹಲಸು ನೂರು ಗ್ರಾಂಗೆ 95. ಬಕ್ಕೆ ಹಲಸಿನ ಸೊಳೆ ಬೀಜ ತೆಗೆದು ಇಪ್ಪತ್ತು ಇಪ್ಪತ್ತೈದು ಗ್ರಾಂ ಬರುತ್ತದೆ. ಹತ್ತು ಸೊಳೆ ಅಂದರೆ 200ರ ಮೇಲೆ, ಹತ್ತಿರ ಹತ್ತಿರ ಎರಡು ಸೌಟು ಅನ್ನ. ಹಲಸಿನಹಣ್ಣು ಬಿಡಿಸಿದ ಜಗಲಿಯಲ್ಲಿ ಹತ್ತಕ್ಕೆ ನಿಲ್ಲಿಸಿದವರನ್ನು ನಾನಂತೂ ನೋಡಿಲ್ಲ. 2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣು ಎಂದು ಘೋಷಿಸಿತು. ರಾಜ್ಯಮರ್ಯಾದೆ ಸಿಕ್ಕಿತೆಂದು ಕ್ಯಾಲೊರಿ ಕಮ್ಮಿಯಾಗಲಿಲ್ಲ. ಹಲಸು, ನೇಂದ್ರ, ಮಾವು ಬರೆಯಿರಿ. ಕಾಟುಮಾವಿನ ಗೊಜ್ಜಾದರೆ ಮಾವಿಗಿಂತ ಮೊದಲು ಬೆಲ್ಲ ಬರೆಯಿರಿ. ಹಲಸಿನಹಣ್ಣು ಕಾಯಿಸಿ ಗಟ್ಟಿ ಮಾಡಿದ ಬೆರಟಿ, ಮಾವಿನ ರಸ ಒಣಗಿಸಿದ ಮಾಂಬಳ, ಇವಕ್ಕೆ ಹಣ್ಣಿನ ಲೆಕ್ಕ ನಡೆಯುವುದಿಲ್ಲ, ನೀರು ಆರಿ ಸಕ್ಕರೆಯ ಅಂಶ ಗಟ್ಟಿಯಾದ ಪದಾರ್ಥ ಅದು.

ತರಕಾರಿ ಬುಟ್ಟಿಯಲ್ಲೇ ಕೂತು ಅನ್ನದ ಕೆಲಸ ಮಾಡುವ ಕೆಲವು ಇವೆ. ಮರಗೆಣಸು ನೂರು ಗ್ರಾಂಗೆ 160, ಅನ್ನಕ್ಕಿಂತ ಜಾಸ್ತಿ. ಜೀಗುಜ್ಜೆ (ದೀವಿಹಲಸು) ನೂರರ ಹತ್ತಿರ. ಬಟಾಟೆ, ಗೆಣಸು ಎಂಬತ್ತರ ಆಸುಪಾಸು. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಿ ಎನ್ನುವ ವಿಶ್ವ ಆರೋಗ್ಯ ಸಂಸ್ಥೆಯೂ ಬಟಾಟೆ, ಗೆಣಸು, ಮರಗೆಣಸುಗಳನ್ನು ಅದರಲ್ಲಿ ಸೇರಿಸುವುದಿಲ್ಲ. ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2,000 ಕ್ಯಾಲೊರಿಯ ಬಟ್ಟಲಿಗೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಹೇಳುತ್ತದೆ. ನಿಮ್ಮ ಪಟ್ಟಿಯನ್ನು ಕೂಡಿಸಿ ನೋಡಿದೆ. ತರಕಾರಿ ಇನ್ನೂರು ಗ್ರಾಂ ಕೂಡ ಆಗಿಲ್ಲ, ಹಣ್ಣು ಇಲ್ಲವೇ ಇಲ್ಲ. ಬರೆಯುವ ಹೆದರಿಕೆಗೆ ತಿನ್ನಬೇಕಾದದ್ದೇ ಕಮ್ಮಿಯಾಗಿದೆ. ಬಿಸ್ಕತ್ತು ಉಳಿದು ಪಪ್ಪಾಯಿ ಹೋದದ್ದು ನನಗೆ ಒಪ್ಪಿಗೆಯಾಗಲಿಲ್ಲ. ಬಟ್ಟಲು ತುಂಬ ಪಪ್ಪಾಯಿ ತಿಂದಿದ್ದರೆ ರಾತ್ರಿ ಹಸಿವೂ ಅಡಗುತ್ತಿತ್ತು, ಆ ಎರಡು ಬಿಸ್ಕತ್ತಿಗಿಂತ ಲೆಕ್ಕವೂ ಹೆಚ್ಚಾಗುತ್ತಿರಲಿಲ್ಲ.

ಹಣ್ಣನ್ನು ಕುಡಿಯಬೇಡಿ ಎನ್ನುವುದೊಂದು ಸೇರಿಸುತ್ತೇನೆ. ಪೇಟೆಗೆ ಹೋದಾಗ ಶಾರ್ಜಾ ಶೇಕ್ ಕುಡಿದು "ಬಾಳೆಹಣ್ಣೇ ಅಲ್ವಾ" ಎನ್ನುವವರಿದ್ದಾರೆ. ಅದರಲ್ಲಿ ಬಾಳೆಹಣ್ಣಿನ ಜೊತೆ ಗಟ್ಟಿ ಹಾಲು, ಸಕ್ಕರೆ ಎಲ್ಲ ಇದೆ.

ನಿಮಗೆ ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಪತ್ರದಲ್ಲಿ ಬರೆದಿಲ್ಲ. ಇದ್ದರೆ ಹಲಸು, ನೇಂದ್ರ, ಮಾವು ಎಷ್ಟು ಎಂದು ಡಾಕ್ಟರಲ್ಲೇ ಕೇಳಿ. ಕಿಡ್ನಿಯ ತೊಂದರೆ ಇದ್ದರೂ ಹಾಗೆಯೇ, ಆಗ ಬಾಳೆಹಣ್ಣಿನ ಪೊಟ್ಯಾಸಿಯಂ ಕೂಡ ಲೆಕ್ಕಕ್ಕೆ ಬರುತ್ತದೆ. ಆಪಿಗೆ ಅದೆಲ್ಲ ತಿಳಿಯುವುದಿಲ್ಲ.

ಕೊನೆಗೆ ಹಪ್ಪಳ. ಕೆಂಡದಲ್ಲಿ ಸುಟ್ಟದ್ದಾದರೆ ಹಲಸಿನದ್ದು ಮಾತ್ರ ಲೆಕ್ಕ, ಒಂದೆರಡು ತಿನ್ನಿ. ಎಣ್ಣೆಯಲ್ಲಿ ಕಾಯಿಸಿದರೆ ಹೀರಿದ ಎಣ್ಣೆಯೂ ಸೇರಿತು. ಎಷ್ಟು ಹೀರಿತು ಎಂದು ತಿಳಿಯಬೇಕಿದ್ದರೆ ಕಾಯಿಸುವ ಮೊದಲು ಬಾಣಲೆಯ ಎಣ್ಣೆಯನ್ನು ಅಳೆದಿಡಿ, ಕಾಯಿಸಿ ತಣಿದ ಮೇಲೆ ಮತ್ತೆ ಅಳೆಯಿರಿ. ಕಮ್ಮಿಯಾದದ್ದನ್ನು ಹಪ್ಪಳದ ಸಂಖ್ಯೆಯಿಂದ ಭಾಗಿಸಿ. ಹಲಸಿನ ಚಿಪ್ಸ್, ನಮ್ಮ ಸೋಂಟೆಗೆ ಅಷ್ಟೆಲ್ಲ ಕಷ್ಟ ಬೇಡ, ನೂರು ಗ್ರಾಂಗೆ 500 ಎಂದೇ ಬರೆಯಿರಿ. ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಬರೆದರೆ ಇನ್ನೂ ಒಳ್ಳೆಯದು.