ಆಪ್ತಸಲಹೆ ಪ್ರಕರಣ: 113ನೇ ಕಂತು ಬರಲಿಲ್ಲ

(ಲೇಖಕಿಯ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ಉದ್ಯೋಗ, ಬಡಾವಣೆ, ಕಥೆಯ ವಿವರ ಬದಲಿಸಲಾಗಿದೆ.)

ವಯಸ್ಸು 29. ಹಗಲು ವೈಟ್‌ಫೀಲ್ಡ್‌ನಲ್ಲಿ ಲೆಕ್ಕಪತ್ರದ ಕೆಲಸ, ಮನೆ ವಿಜಯನಗರದಲ್ಲಿ. ನೇರಳೆ ಮಾರ್ಗದ ಮೆಟ್ರೊದಲ್ಲಿ ಹೋಗಿಬರುವುದಕ್ಕೇ ದಿನಕ್ಕೆ ಎರಡೂವರೆ ಗಂಟೆ. ರಾತ್ರಿ, ಕಥೆಗಳ ಆ್ಯಪ್ ಒಂದಕ್ಕೆ ಮಾಯಾಲೋಕದ ಧಾರಾವಾಹಿ. ಸೋಮ, ಬುಧ, ಶುಕ್ರವಾರ ರಾತ್ರಿ ಒಂಬತ್ತಕ್ಕೆ ಒಂದೊಂದು ಕಂತು, ಕಂತಿಗೆ ಸುಮಾರು 1,300 ಪದ. 112 ಕಂತು ಹೊರಬಂದಿದ್ದವು. ಆಮೇಲೆ ಹದಿನೆಂಟು ದಿನ ಏನೂ ಇಲ್ಲ.

"ಕಲ್ಪನೆ ಬತ್ತಿಹೋಗಿದೆ ಮೇಡಂ. ಸೋಮಾರಿ ಆಗ್ಬಿಟ್ಟಿದ್ದೀನಿ" ಎಂಬುದು ಲೇಖಕಿಯ ದೂರು. ಜೊತೆಗೆ ಬಂದಿದ್ದ ತಾಯಿಯದು ಬೇರೆ ಪ್ರಶ್ನೆ: "ಬರೆಯೋದು ಬಿಟ್ಬಿಟ್ರೆ ಸರಿಹೋಗ್ತಾಳಾ?"

ಮೊದಲ ಭೇಟಿಯಲ್ಲಿ ಎರಡಕ್ಕೂ ಉತ್ತರ ಕೊಡಲಿಲ್ಲ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 11 ಬಂತು, ಅಂದರೆ ಮಧ್ಯಮ ಮಟ್ಟ. ಅದರಲ್ಲಿ ಹೆಚ್ಚಿನ ಅಂಕ ನಿದ್ರೆ, ದಣಿವು, ಗಮನದ ಸಾಲುಗಳಿಂದ ಬಂದದ್ದು. ಸಾಯುವ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆ ಕುರಿತ ಒಂಬತ್ತನೆಯ ಪ್ರಶ್ನೆಗೆ ಸೊನ್ನೆ. ಅಲ್ಲಿ ಸೊನ್ನೆ ಇಲ್ಲದಿದ್ದರೆ ಕಥೆಯ ಮಾತೆಲ್ಲ ಬದಿಗಿಟ್ಟು ಮೊದಲು ಮನೋವೈದ್ಯರ ಬಳಿ ಕಳಿಸಬೇಕು. ನಡುರಾತ್ರಿ ಅಂಥ ಯೋಚನೆ ಬಂದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ದಣಿವಿಗೆ ದೇಹದ ಕಾರಣವಿದೆಯೇ ಎಂದು ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಲು ಹೇಳಿದೆವು. ಮೂರೂ ಸರಿಯಿದ್ದವು.

ಎರಡನೆಯ ಭೇಟಿ ಪೂರ್ತಿ ಲೆಕ್ಕದಲ್ಲೇ ಕಳೆಯಿತು. ಧಾರಾವಾಹಿ ಶುರುವಾದಾಗ ಮೊದಲೇ ಬರೆದಿಟ್ಟ 20 ಕಂತು ದಾಸ್ತಾನಿತ್ತು. ವಾರಕ್ಕೆ ಮೂರು ಹೊರಹೋಗುತ್ತಿದ್ದವು, ಕೈಯಲ್ಲಿ ಆಗುತ್ತಿದ್ದದ್ದು ಎರಡೇ. ವಾರಕ್ಕೊಂದರಂತೆ ಕರಗಿದ ದಾಸ್ತಾನು ಇಪ್ಪತ್ತು ವಾರಕ್ಕೆ, ಅಂದರೆ 60ನೇ ಕಂತಿಗೆ, ಮುಗಿದುಹೋಗಿತ್ತು. ಆಮೇಲಿನ 52 ಕಂತುಗಳನ್ನು ಅವತ್ತಿನದನ್ನು ಅವತ್ತೇ ಎಂಬಂತೆ, ಹಾಸಿಗೆಯ ಮೇಲೆ ದಿಂಬಿಗೊರಗಿ, ರಾತ್ರಿ ಎರಡೂವರೆವರೆಗೆ ಕೂತು ಬರೆದದ್ದು. ಎದ್ದೇಳುವುದು ಆರೂಕಾಲಿಗೆ. ಕಚೇರಿಯಲ್ಲಿ ಬೇರೆಯವರ ಆಯವ್ಯಯ ಪೈಸೆ ಬಿಡದೆ ತಾಳೆ ನೋಡುವವರಿಗೆ ತಮ್ಮ ಕೊರತೆ ಕಾಣದೇ ಹೋದದ್ದು ಆಶ್ಚರ್ಯವಲ್ಲ. ಓದುಗರು "ಮುಂದಿನ ಭಾಗ ಬೇಗ ಹಾಕಿ" ಎನ್ನುತ್ತಿರುವಾಗ ಲೆಕ್ಕ ಯಾರಿಗೆ ನೆನಪಾಗುತ್ತದೆ?

ನಿದ್ರೆಗೆ ಕೊಟ್ಟ ಸೂಚನೆ ಎಲ್ಲರಿಗೂ ಕೊಡುವಂಥದ್ದೇ. ಭಾನುವಾರವೂ ಆರೂಕಾಲಿಗೇ ಏಳುವುದು. ಹಾಸಿಗೆ ಮಲಗುವುದಕ್ಕೆ ಮಾತ್ರ, ಬರೆಯಲು ಹಾಲ್‌ನ ಮೇಜು. ಕೊನೆಯ ಕಾಫಿ ಮಧ್ಯಾಹ್ನ ಮೂರಕ್ಕೆ: ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ರಾತ್ರಿ ಹತ್ತರ ಫಿಲ್ಟರ್ ಕಾಫಿಯ ಅರ್ಧ ಬೆಳಗಿನ ಜಾವ ಮೂರಕ್ಕೂ ಮೈಯಲ್ಲೇ ಇರುತ್ತದೆ. ಮೊಬೈಲ್ ಹತ್ತು ಗಂಟೆಗೆ ಅಡುಗೆಮನೆಯಲ್ಲಿ ಚಾರ್ಜಿಗೆ, ಅಲಾರಂಗೆ ಹಳೆಯ ಗಡಿಯಾರ.

ನಿದ್ರೆ ಹತ್ತು ದಿನದಲ್ಲಿ ಸುಧಾರಿಸಿತು. ಬರವಣಿಗೆ ಮಾತ್ರ ಒಂದು ಸಾಲೂ ಮುಂದೆ ಹೋಗಲಿಲ್ಲ. ಆಗ ಕೇಳಿದ ಪ್ರಶ್ನೆ: ಕೈ ನಿಂತದ್ದು ಸರಿಯಾಗಿ ಯಾವ ವಾಕ್ಯದಲ್ಲಿ?

ಅವರು ಮೊಬೈಲ್ ತೆರೆದು ತೋರಿಸಿದರು. ನಾಯಕ ಶತ್ರುವಿನ ಕೋಟೆ ಬಾಗಿಲ ಮುಂದೆ ನಿಂತಿದ್ದಾನೆ. ಮುಂದಿನ ವಾಕ್ಯವಿಲ್ಲ. 87ನೇ ಕಂತಿನಲ್ಲಿ ಓದುಗರ ಒತ್ತಾಯಕ್ಕೆ ಅವನಿಗೊಂದು ಅಗ್ನಿಮುದ್ರೆ ಕೊಟ್ಟಿದ್ದರು, ಅದರಿಂದ ಏನನ್ನು ಬೇಕಾದರೂ ಸುಡಬಹುದು. ಹಾಗಿದ್ದಮೇಲೆ ಕೋಟೆ ಬಾಗಿಲು ಅವನಿಗೆ ಯಾವ ಲೆಕ್ಕ? ಬಾಗಿಲು ಸುಟ್ಟರೆ ಎರಡು ಸಾಲಿಗೆ ಯುದ್ಧ ಮುಗಿಯಿತು, ಸುಡದಿದ್ದರೆ "ಮುದ್ರೆ ಎಲ್ಲಿ ಹೋಯ್ತು?" ಎಂದು ಓದುಗರು ಕೇಳುತ್ತಾರೆ. ಕಥೆ ಕಟ್ಟಿದ ರೀತಿಯಲ್ಲೇ ದಾರಿ ಮುಚ್ಚಿತ್ತು, ಕಲ್ಪನೆ ಅದನ್ನು ಸರಿಯಾಗಿ ಗುರುತಿಸಿ ನಿಂತಿತ್ತು. ಲೇಖಕಿ ಅದಕ್ಕೆ ಸೋಮಾರಿತನ ಎಂದು ಹೆಸರಿಟ್ಟುಕೊಂಡಿದ್ದರು. ಇಂಥ ಕಡೆ ಮನಸ್ಸಿಗೆ ಧೈರ್ಯ ಹೇಳುವುದು ದಂಡ. ನಿಂತ ಜಾಗ ನೋಡದೆ ಧ್ಯಾನ, ಪ್ರವಾಸ, ವಿಶ್ರಾಂತಿ ಎಂದು ಬರೆದುಕೊಟ್ಟರೆ ಒಂದು ತಿಂಗಳ ನಂತರವೂ ನಾಯಕ ಅದೇ ಬಾಗಿಲಲ್ಲಿ ಇರುತ್ತಾನೆ.

ಕಥೆ ಹೇಳಿಕೊಡುವುದು ಆಪ್ತಸಲಹೆಗಾರರ ಕೆಲಸವಲ್ಲ. ಒಂದೇ ಪ್ರಶ್ನೆ ಕೊಟ್ಟು ಕಳಿಸಿದೆವು: ಮುದ್ರೆ ಬಳಸಿದಾಗಲೆಲ್ಲ ಅವನು ಏನು ತೆರುತ್ತಾನೆ? ಉತ್ತರವನ್ನು ಹೊಸದಾಗಿ ಹುಡುಕದೆ ಹಳೆಯ ಕಂತುಗಳಲ್ಲೇ ಹುಡುಕಲು ಹೇಳಿದೆವು. ಕಂತಿಗೆ ಆರು ನಿಮಿಷದ ಓದಾದರೆ 112ಕ್ಕೆ ಹನ್ನೊಂದು ಗಂಟೆ ಚಿಲ್ಲರೆ. ಶನಿವಾರ, ಭಾನುವಾರ ಎರಡೆರಡು ಗಂಟೆಯಂತೆ ಮೂರು ವಾರ. ಓದುತ್ತಾ 200 ಪುಟದ ನೋಟ್‌ಬುಕ್‌ನಲ್ಲಿ ನಾಲ್ಕು ವಿಭಾಗ: ಹೆಸರುಗಳು, ಊರು ಮತ್ತು ದೂರ, ಮಾಯೆಯ ನಿಯಮ, ಬಾಕಿ. ಬಾಕಿ ಎಂದರೆ ಓದುಗರಿಗೆ ಆಸೆ ಹುಟ್ಟಿಸಿ ತೀರಿಸದೆ ಬಿಟ್ಟದ್ದು. ಅದಕ್ಕೆ ಮೂರು ಕಾಲಂ: ಎಷ್ಟನೇ ಕಂತು, ಏನು ಹೇಳಿದ್ದು, ಎಲ್ಲಿ ತೀರಿತು. ಮೂರನೆಯ ಕಾಲಂ 31 ಕಡೆ ಖಾಲಿ ಉಳಿಯಿತು. ರಾಜಧಾನಿಯಿಂದ ಕೋಟೆಗೆ ಒಂದು ಕಂತಿನಲ್ಲಿ ಮೂರು ಹಗಲಿನ ದಾರಿ, ಇನ್ನೊಂದರಲ್ಲಿ ಎರಡು ಜಾವದ್ದು.

ಉತ್ತರ 14ನೇ ಕಂತಿನಲ್ಲಿತ್ತು. ಹಿಂದೆ ಮುದ್ರೆ ಧರಿಸಿದ್ದ ಮುದುಕನೊಬ್ಬನಿಗೆ ಗಂಜಿಯಲ್ಲಿ ಉಪ್ಪಿದೆಯೋ ಇಲ್ಲವೋ ತಿಳಿಯುವುದಿಲ್ಲ ಎಂದು ಮಾತಿನ ನಡುವೆ ಸುಮ್ಮನೆ ಬರೆದ ಸಾಲು. ಲೇಖಕಿ ಅದನ್ನೇ ಹಿಡಿದರು. ಮುದ್ರೆ ಉರಿದಷ್ಟೂ ನಾಲಿಗೆಯಿಂದ ಉಪ್ಪಿನ ರುಚಿ ಹೋಗುತ್ತದೆ, ರುಚಿಯ ಜೊತೆ ಉಪ್ಪಿನ ಋಣವೂ. ಸಾಕಿದವರ ನೆನಪು ಅಳಿಯುತ್ತಾ ಬರುತ್ತದೆ. ಈಗ ಬಾಗಿಲು ಸುಡಬೇಕೇ ಬೇಡವೇ ಎನ್ನುವುದು ನಿಜವಾದ ಸಂಕಟ.

ಬರೆಯುವ ಹೊತ್ತನ್ನು ಅವರದೇ ಕಥಾಲೋಕದ ಅಳತೆಯಲ್ಲಿ ಗೊತ್ತು ಮಾಡಿದೆವು. ಒಂದು ಗಳಿಗೆ ಎಂದರೆ 24 ನಿಮಿಷ. ವಾರದಲ್ಲಿ ಐದು ಸಂಜೆ, ಎಂಟೂಕಾಲಿನಿಂದ ಎರಡು ಗಳಿಗೆ. 48 ನಿಮಿಷದಲ್ಲಿ 550 ಪದ, ವಾರಕ್ಕೆ 2,750, ಅಂದರೆ ಎರಡು ಕಂತು. ಅಷ್ಟು ಹೊತ್ತು ಕರೆಯದಿರುವುದು ತಾಯಿಯ ಪಾಲಿನ ಕೆಲಸ. ಕೊನೆಯ ಎರಡು ನಿಮಿಷ ನಾಳಿನ ಮೊದಲ ಸಾಲು ಬರೆದಿಡಲು. ಮೆಟ್ರೊದಲ್ಲಿ ಧ್ವನಿಯಿಂದ ಟೈಪ್ ಮಾಡುವುದು ಬೇಡವೆಂದೆವು. ಗದ್ದಲದಲ್ಲಿ ಒತ್ತಕ್ಷರ ಕೆಟ್ಟು, ಉಳಿದ ಸಮಯ ತಿದ್ದುಪಡಿಗೆ ಹೋಗುತ್ತದೆ.

ಓದುಗರಿಗೆ ಹಾಕಿದ ಸೂಚನೆ ಮೂರೇ ಸಾಲು: 21 ದಿನ ಕಂತು ಇರುವುದಿಲ್ಲ, ಇಂಥ ಸೋಮವಾರ 113ನೇ ಕಂತು, ಅಲ್ಲಿಂದ ಸೋಮವಾರ ಮತ್ತು ಗುರುವಾರ ಮಾತ್ರ. ಕಾಯಿಲೆಯ ವಿವರ, ಕ್ಷಮೆ ಬೇಡ ಎಂದಿದ್ದೆವು. ವಿವರ ಕೊಟ್ಟರೆ ಸಮಾಧಾನದ ನೂರು ಪ್ರತಿಕ್ರಿಯೆಗೆ ಉತ್ತರಿಸುವ ಹೊಣೆ ಹೊಸದಾಗಿ ಹೆಗಲೇರುತ್ತದೆ.

ಎಡವಿದ್ದು ಮರಳಿ ಶುರುಮಾಡುವಾಗ. ಮೂರು ವಾರದಲ್ಲಿ ಆರು ಕಂತು ದಾಸ್ತಾನಾಗಬೇಕಿತ್ತು. ಮೊದಲ ವಾರ ಹುಡುಕಾಟದಲ್ಲೇ ಹೋಗಿ ನಾಲ್ಕಾಯಿತು. ಒಂದು ವಾರ ಮುಂದೂಡಿ ಎಂದದ್ದಕ್ಕೆ ಅವರು ಒಪ್ಪಲಿಲ್ಲ, ಮಾತು ಕೊಟ್ಟಾಗಿದೆ ಎಂದರು. ಎರಡನೆಯ ವಾರ ಜ್ವರ ಬಂತು, ದಾಸ್ತಾನು ಎರಡಕ್ಕಿಳಿಯಿತು, ಮತ್ತೆ ರಾತ್ರಿ ಒಂದೂವರೆ. ಆಗ ನಿಯಮ ಗಟ್ಟಿಮಾಡಿದೆವು: ದಾಸ್ತಾನು ನಾಲ್ಕಕ್ಕಿಂತ ಕಡಿಮೆಯಾದರೆ ಅದು ತುಂಬುವವರೆಗೆ ವಾರಕ್ಕೆ ಒಂದೇ ಕಂತು. ದಾಸ್ತಾನು ಎಷ್ಟೇ ಇರಲಿ, ಪ್ರತಿ ನಾಲ್ಕನೆಯ ವಾರವೂ ಒಂದೇ. ಎರಡು ಬರೆದು ಎರಡು ಹಾಕುತ್ತಿದ್ದರೆ ಹಬ್ಬಕ್ಕೆ, ಜ್ವರಕ್ಕೆ ಏನೂ ಉಳಿಯುವುದಿಲ್ಲ.

ಪ್ರತಿಕ್ರಿಯೆಗಳ ವಿಷಯಕ್ಕೆ ಹೆಚ್ಚು ಸಮಯ ಬೇಕಾಗಲಿಲ್ಲ. ದಿನಕ್ಕೆ ನಲವತ್ತು ಸಲ ನೋಡುತ್ತಿದ್ದದ್ದು ಮಂಗಳವಾರ, ಶನಿವಾರ ಇಪ್ಪತ್ತು ನಿಮಿಷಕ್ಕೆ ಬಂತು. ದೂರದ ಲೆಕ್ಕ ತಪ್ಪಿದೆ ಎಂದವರ ಮಾತು ನೋಟ್‌ಬುಕ್‌ಗೆ, ನಾಯಕಿ ಇಷ್ಟವಿಲ್ಲ ಎಂದವರದು ಅವರವರ ರುಚಿಗೆ, ಬೈದವರು ಬ್ಲಾಕ್‌ಗೆ.

ಹನ್ನೊಂದನೆಯ ವಾರದ ಕೊನೆಯ ಭೇಟಿಯಲ್ಲಿ ಪಿಎಚ್‌ಕ್ಯೂ-9 ಅಂಕ 5, ದಾಸ್ತಾನು ಐದು ಕಂತು, ಬಾಕಿ ಪಟ್ಟಿಯಲ್ಲಿ 26. ಮೊಬೈಲ್‌ನಲ್ಲೇ ಟೈಪ್ ಮಾಡಿ ಬಂದ ಬಲ ಹೆಬ್ಬೆರಳಿನ ಬುಡದ ನೋವು ಕಡಿಮೆಯಾಗಿಲ್ಲ. ಅದಕ್ಕೆ ಫಿಸಿಯೊಥೆರಪಿಸ್ಟ್ ಬಳಿ ಕಳಿಸಿದ್ದೇವೆ, ಅಲ್ಲಿಯವರೆಗೆ ಲ್ಯಾಪ್‌ಟಾಪ್ ಕೀಲಿಮಣೆಯಲ್ಲಿ ಬರೆಯಲು ಹೇಳಿದೆ.