ಆಟ ಬೇಕು, ಆದರೆ ತರಬೇತಿ ದಿನ ಹೊಟ್ಟೆನೋವು

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಹುಡುಗಿಗೆ 11 ವರ್ಷ. ಬಾಸ್ಕೆಟ್‌ಬಾಲ್ ಕಲಿಯಬೇಕೆಂದು ಹಟ ಹಿಡಿದವಳು ಅವಳೇ. ಬೇಗ ಕಲಿಯಲಿ ಎಂದು ಅಪ್ಪ ಅಮ್ಮ ಒಬ್ಬಳಿಗೇ ಹೇಳಿಕೊಡುವ ಕೋಚ್ ಗೊತ್ತುಮಾಡಿದರು. ಸ್ವಲ್ಪ ದಿನದಲ್ಲೇ ತರಬೇತಿಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಶುರುವಾಯಿತು. ಡಾಕ್ಟರ್ ನೋಡಿ ಏನೂ ತೊಂದರೆ ಇಲ್ಲ ಎಂದ ಮೇಲೆ ಆಪ್ತಸಲಹೆಗೆಂದು ನನ್ನ ಬಳಿ ಬಂದರು.

"ಆಟ ಬೇಡ್ವಾ ಪುಟ್ಟಾ?" ಎಂದೆ. "ಬೇಕು. ಆದ್ರೆ ಸರ್ ನನ್ನನ್ನೇ ನೋಡ್ತಾ ಇರ್ತಾರೆ."

ಮಗು ಹೀಗೆಂದರೆ ಮೊದಲು ಕೇಳಬೇಕಾದ್ದು ಸುರಕ್ಷತೆಯ ಬಗ್ಗೆ. ಅವಳೊಬ್ಬಳನ್ನೇ ಕೂರಿಸಿಕೊಂಡು ನಿಧಾನವಾಗಿ ಕೇಳಿದೆ. ಅಂಥದ್ದೇನೂ ಇರಲಿಲ್ಲ. ಅವಳ ಭಯ ತಪ್ಪುಗಳದ್ದು. ಗುಂಪಿನಲ್ಲಿ ಆಡುವಾಗ ಒಂದು ಚೆಂಡು ತಪ್ಪಿದರೆ ಯಾರೂ ಗಮನಿಸುವುದಿಲ್ಲ, ಅಲ್ವಾ? ಇಲ್ಲಿ ಪ್ರತಿ ಎಸೆತಕ್ಕೂ "ಮೊಣಕೈ ಒಳಗೆ, ಮಂಡಿ ಬಗ್ಗಿಸು, ಮಣಿಕಟ್ಟು ಬಿಡು". ಮನೆಗೆ ಹೋಗುವಾಗ ಅಮ್ಮನ ಪ್ರಶ್ನೆ: "ಇವತ್ತು ಎಷ್ಟು ಬಿತ್ತು?"

ಮನೆಯವರ ಒಪ್ಪಿಗೆ ಪಡೆದು ಕೋಚ್ ಜೊತೆ ಮಾತಾಡಿದೆ. ಶ್ರದ್ಧೆಯಿರುವ ಮನುಷ್ಯ. ಆದರೆ ಮಗು ಎಸೆಯುತ್ತಿದ್ದದ್ದು ಗಂಡಸರು ಆಡುವ 7ನೇ ಸೈಜಿನ ಚೆಂಡು, ಅದೂ 3.05 ಮೀಟರ್ ಎತ್ತರದ ರಿಂಗಿಗೆ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ತಲುಪಿಸಲು ಮಗು ಸೊಂಟದಿಂದಲೇ ಬೀಸುತ್ತೆ, ಮೊಣಕೈ ಹೊರಗೆ ಹೋಗುತ್ತೆ. ಎಷ್ಟು ತಿದ್ದಿದರೂ ಅದು ಸರಿಯಾಗುವುದಿಲ್ಲ. ಮಕ್ಕಳಿಗೆಂದೇ ಇರುವ ಮಿನಿ ಬಾಸ್ಕೆಟ್‌ಬಾಲ್‌ನಲ್ಲಿ ಚಿಕ್ಕದಾದ 5ನೇ ಸೈಜಿನ ಚೆಂಡು, 2.60 ಮೀಟರ್ ರಿಂಗ್ ಇರುವುದೇ ಇದಕ್ಕೆ. ಮೊದಲು ಚೆಂಡು ಬದಲಿಸಿ, ರಿಂಗ್ ಇಳಿಸಲು ಆಗದಿದ್ದರೆ ಗೋಡೆಯ ಮೇಲೆ ಗುರುತು ಮಾಡಿ ಅದಕ್ಕೆ ಎಸೆಸಿ ಎಂದೆ.

ಕೋಚ್‌ಗೆ ಇನ್ನೂ ಹೇಳಿದೆ: ಒಂದು ದಿನಕ್ಕೆ ಒಂದೇ ವಿಷಯ ತಿದ್ದಿ. ನಡುವೆ ಕೆಲವು ಎಸೆತ ಏನೂ ಹೇಳದೆ ಬಿಡಿ. ಆಮೇಲೆ "ನಿನಗೇನು ಅನ್ನಿಸ್ತು?" ಎಂದು ಅವಳನ್ನೇ ಕೇಳಿ. ಕೊನೆಯ ಕಾಲು ಗಂಟೆ ಅವಳು ಹೇಳಿದ ಆಟ, ನೀವೂ ಅವಳೊಂದಿಗೆ ಆಡಿ. ಸಾಧ್ಯವಾದರೆ ಇನ್ನೊಂದು ಹೊಸ ಮಗುವನ್ನು ಜೊತೆಗೆ ಸೇರಿಸಿಕೊಳ್ಳಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ.

"ಹೊಟ್ಟೆನೋವು ಬಂದ ದಿನ ರಜೆ ಕೊಡ್ಲಾ?" ಎಂದು ಅಮ್ಮ ಕೇಳಿದರು. ಪೂರ್ತಿ ತಪ್ಪಿಸಿದರೆ ಭಯ ಇನ್ನೂ ಜಾಸ್ತಿಯಾಗುತ್ತೆ. 20 ನಿಮಿಷವಾದರೂ ಹೋಗಿ ಬರಲಿ, ಲೆಕ್ಕ ಮಾತ್ರ ಕೇಳಬೇಡಿ ಎಂದೆ. ಹುಡುಗಿಗೆ ಹೇಳಿದ್ದು ಇಷ್ಟೇ: ಎಸೆಯುವ ಮುಂಚೆ ಚೆಂಡನ್ನು ಎರಡು ಸಲ ಪುಟಿಸು, ಉದ್ದಕ್ಕೆ ಉಸಿರು ಬಿಡು. ಸಾಕೆನಿಸಿದರೆ "ನೀರು ಕುಡಿದು ಬರ್ತೀನಿ ಸರ್" ಅನ್ನು.

ಈಗ ಹೊಟ್ಟೆನೋವು ಅಪರೂಪ. ಎಡಗೈಯಲ್ಲಿ ಪುಟಿಸುವಾಗ ಚೆಂಡು ಇನ್ನೂ ಜಾರುತ್ತೆ, ಅವಳಿಗೆ ಅದರ ಚಿಂತೆಯಿಲ್ಲ. ಮನೆಯಲ್ಲಿ ಅಪ್ಪ ಬೇರೆ ಮಕ್ಕಳ ವಿಡಿಯೊ ತೋರಿಸಿ ಹೋಲಿಸುವುದು ಮಾತ್ರ ನಿಂತಿಲ್ಲ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ.